ಚಿಕ್ಕ ಗಡಿಯಾರದ ಚೌಕ

ನಗರವೊಂದರ ಚರಿತ್ರೆಯನ್ನು ಅರಿಯಬಯಸುವವರು ಕೋಟೆ, ಅರಮನೆಗಳನ್ನು ನೋಡಿದರಷ್ಟೇ ಸಾಲದು. ಜನರು ಕೂಡುವ ಚೌಕವನ್ನೂ ನೋಡಬೇಕು. ಅರಮನೆಯು ಅರಸರ ಕಥೆಯನ್ನು ಹೇಳಿದರೆ ಚೌಕವು ಪ್ರಜೆಗಳ ಕಥೆಯನ್ನು ಹೇಳುತ್ತದೆ. ಮೈಸೂರಿನ ಚಿಕ್ಕ ಗಡಿಯಾರದ ಚೌಕವು ಇದಕ್ಕೊಂದು ಒಳ್ಳೆಯ ನಿದರ್ಶನ.

ವೈಸರಾಯ್ ಲಾರ್ಡ್ ಡಫರಿನ್ 1886ರಲ್ಲಿ ಮೈಸೂರಿಗೆ ಬಂದುದರ ನೆನಪಿಗೆ ಇಲ್ಲಿ ಗಡಿಯಾರದ ಗೋಪುರವೊಂದು ಎದ್ದಿತು. ಮುಂದೆ 1927ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ರಜತೋತ್ಸವದ ಸ್ಮರಣೆಗಾಗಿ, ಪುರಭವನದ ಬಳಿ ಸುಮಾರು 75 ಅಡಿ ಎತ್ತರದ ಮತ್ತೊಂದು ಗೋಪುರವು ನಿರ್ಮಾಣವಾಯಿತು. ಅದರ ಮುಖದ ಮೇಲಿರುವುದು ಕನ್ನಡದ ಅಂಕಿಗಳು. ಜನರು ಇದನ್ನು ದೊಡ್ಡ ಗಡಿಯಾರವೆಂದು ಕರೆದರು. ಹಳೆಯದು ತಾನಾಗಿಯೇ ಚಿಕ್ಕ ಗಡಿಯಾರವಾಯಿತು. ವ್ಯಾಕರಣದ ಮಾತಿನಲ್ಲಿ ಹೇಳುವುದಾದರೆ, ಅಂಕಿತನಾಮವು ಮರೆಯಾಗಿ ಅನ್ವರ್ಥನಾಮವು ಉಳಿಯಿತು. ವೈಸರಾಯನ ಹೆಸರನ್ನು ಯಾರೂ ಅಳಿಸಲಿಲ್ಲ; ಜನರ ನಾಲಗೆಯೇ ಅದನ್ನು ಬಿಟ್ಟುಕೊಟ್ಟಿತು.

ಚೌಕದ ಒಂದು ಬದಿಗೆ ದೇವರಾಜ ಮಾರುಕಟ್ಟೆ. ಮಲ್ಲಿಗೆ, ವೀಳ್ಯದೆಲೆ, ರಸಬಾಳೆ, ಗೋಪುರದಂತೆ ಒಟ್ಟಿದ ಕುಂಕುಮ ಇವುಗಳಿಂದ ಅದರ ಹೆಸರು ದೇಶಾಂತರಗಳಿಗೂ ಹಬ್ಬಿದೆ. ಸಮೀಪದಲ್ಲಿಯೇ 1892ರ ಲ್ಯಾನ್ಸ್‌ಡೌನ್ ಕಟ್ಟಡ. ನಗರಕ್ಕೆ 1908ರಲ್ಲಿ ವಿದ್ಯುದ್ದೀಪ ಬಂದಿತು. ಜಟಕಾಗಳ ದಾರಿಯನ್ನು ಕ್ರಮೇಣ ಮೋಟಾರುಗಳು ಆಕ್ರಮಿಸಿದವು.

ಲ್ಯಾನ್ಸ್‌ಡೌನ್ ಕಟ್ಟಡದ ಹಳೆಯ ಪುಸ್ತಕದ ಅಂಗಡಿಗಳು ಬಡ ವಿದ್ಯಾರ್ಥಿಗಳ ಪಾಲಿಗೆ ಕಲ್ಪವೃಕ್ಷಗಳಾಗಿದ್ದವು. ರಟ್ಟು ಕಳಚಿದ ಶಬ್ದಮಣಿದರ್ಪಣವೊಂದನ್ನು ನಾನು ಕೊಂಡದ್ದು ಅಲ್ಲಿಯೇ. ಹಿಂದಿನ ಓದುಗರು ಅಂಚಿನಲ್ಲಿ ಬರೆದಿದ್ದ ಟಿಪ್ಪಣಿಗಳಿಂದ ಸೂತ್ರಗಳ ಅರ್ಥವನ್ನು ಬಿಡಿಸಿಕೊಂಡೆ. ಆ ಅಜ್ಞಾತ ಗುರುವಿಗೆ ಇಂದಿಗೂ ಋಣಿ.

2012ರ ಆಗಸ್ಟ್ ತಿಂಗಳಿನಲ್ಲಿ ಆ ಕಟ್ಟಡದ ಒಂದು ಭಾಗ ಕುಸಿಯಿತು. ನಾಲ್ವರು ಪ್ರಾಣ ಕಳೆದುಕೊಂಡರು, ಅಂಗಡಿಗಳು ತೆರವಾದವು. 2016ರ ಆಗಸ್ಟ್‌ನಲ್ಲಿ ಮಾರುಕಟ್ಟೆಯ ಒಂದು ಪಾರ್ಶ್ವವೂ ಕುಸಿದುಬಿದ್ದಿತು. ಕೆಡವಿ ಹೊಸದನ್ನು ಕಟ್ಟಬೇಕೆ, ಇದ್ದುದನ್ನೇ ಉದ್ಧರಿಸಬೇಕೆ ಎಂಬ ವಿವಾದ ನ್ಯಾಯಾಲಯದ ಮೆಟ್ಟಿಲೇರಿತು. ಎರಡು ವಾದಗಳಲ್ಲಿಯೂ ಹುರುಳುಂಟು. ನೆನಪಿಗೆ ಬೆಲೆಯಿದೆ, ನಿಜ. ಆದರೆ ಅದರ ಕೆಳಗೆ ಕುಳಿತು ವ್ಯಾಪಾರ ಮಾಡುವವನ ಜೀವಕ್ಕೆ ಅದಕ್ಕಿಂತ ಹೆಚ್ಚಿನ ಬೆಲೆಯಿದೆ.

ಇಟ್ಟಿಗೆ ಗಾರೆಗಳ ಕಟ್ಟಡ ಒಂದೇ ದಿನದಲ್ಲಿ ಸಾಯುವುದಿಲ್ಲ. ಸೂರಿನ ಬಿರುಕಿನಲ್ಲಿ ಮಳೆನೀರು ಇಳಿಯುತ್ತದೆ, ಗಾರೆ ಸಡಿಲವಾಗುತ್ತದೆ, ಸಂದಿನಲ್ಲಿ ಅರಳಿಯ ಸಸಿ ಬೇರೂರುತ್ತದೆ. ಸಸಿಯಿದ್ದಾಗ ಕೈಯಿಂದ ಕೀಳಬಹುದಾದುದನ್ನು ಮರವಾದ ಮೇಲೆ ಕಿತ್ತರೆ ಗೋಡೆಯೂ ಜೊತೆಯಲ್ಲಿ ಬರುತ್ತದೆ. ಹೊಸದಾಗಿ ಕಟ್ಟುವವರಿಗೆ ಕೀರ್ತಿಯ ಶಿಲಾಫಲಕವುಂಟು. ವರ್ಷವರ್ಷವೂ ಸೂರು ಸರಿಪಡಿಸುವವರಿಗೆ ಅದಿಲ್ಲ. ಆದರೂ ಕಟ್ಟಡಗಳು ನಿಂತಿರುವುದು ಇವರಿಂದಲೇ. ದಾನಿಗಳೂ ಹಿರಿಯ ವಿದ್ಯಾರ್ಥಿಗಳೂ ಈ ಮಾತನ್ನು ಮನದಲ್ಲಿಟ್ಟರೆ, ಚಿಕ್ಕ ಗಡಿಯಾರವು ಮೈಸೂರಿನಾಚೆಗೂ ಹೊತ್ತನ್ನು ತಿಳಿಸಿದಂತಾಗುತ್ತದೆ.