ರಾತ್ರಿ ಎರಡು ಗಂಟೆಗೆ ಹಿಂಬಾಗಿಲಲ್ಲಿ ಶಬ್ದವಾದರೆ ಮೊದಲ ಕರೆ ಯಾರಿಗೆ?

ಮಂಜೇಶ್ವರದಿಂದ ಕಾಸರಗೋಡಿನವರೆಗೆ ಬ್ಯಾರಿಗಳ ಮನೆಗಳಲ್ಲಿ ಗಂಡಸರು ಹೆಚ್ಚಾಗಿ ಊರಲ್ಲಿರುವುದಿಲ್ಲ. ಒಬ್ಬರು ದುಬೈಯಲ್ಲಿ, ಇನ್ನೊಬ್ಬರು ದಮ್ಮಾಮಿನಲ್ಲಿ, ಮತ್ತೊಬ್ಬರು ಮುಂಬೈಯ ಅಂಗಡಿಯಲ್ಲಿ. ಊರಲ್ಲಿ ಕಟ್ಟಿಸಿದ ದೊಡ್ಡ ಮನೆಯಲ್ಲಿ ರಾತ್ರಿ ಮಲಗುವವರು ಒಬ್ಬ ಹೆಣ್ಣುಮಗಳು, ಅವಳ ಮಕ್ಕಳು, ಹೆಚ್ಚೆಂದರೆ ವಯಸ್ಸಾದ ಉಮ್ಮ. ಮಕ್ಕಳು ರಜೆಗೆ ಅಜ್ಜಿ ಮನೆಗೆ ಹೋದರೆ ಅವಳೊಬ್ಬಳೇ.

ಇಂಥ ಮನೆಯ ಅಡುಗೆ ಕೋಣೆಯ ಹಿಂಬಾಗಿಲಲ್ಲಿ ನಡುರಾತ್ರಿ ಶಬ್ದವಾದರೆ ಎಂತ ಮಾಡಬೇಕು? ಈ ಪ್ರಶ್ನೆಗೆ ಹೆಚ್ಚಿನ ಮನೆಗಳಲ್ಲಿ ಉತ್ತರವಿಲ್ಲ, ಯಾಕೆಂದರೆ ಹಗಲಲ್ಲಿ ಯಾರೂ ಅದನ್ನು ಕೇಳಿಕೊಂಡಿರುವುದಿಲ್ಲ. 2024ರ ನವೆಂಬರಿನಲ್ಲಿ ಆಲಪ್ಪುಳ ಜಿಲ್ಲೆಯ ಮಣ್ಣಂಚೇರಿ ಭಾಗದಲ್ಲಿ ಕಳ್ಳರು ಹಿಂಬಾಗಿಲು ಒಡೆದು ಒಳಗೆ ನುಗ್ಗಿ, ಮಲಗಿದ್ದ ಹೆಂಗಸರ ಕುತ್ತಿಗೆಯ ಚಿನ್ನ ಕಿತ್ತುಕೊಂಡು ಹೋದ ಸುದ್ದಿ ಕೇರಳವಿಡೀ ಹರಡಿತು. ಆಗ ವಾಟ್ಸಾಪಿನಲ್ಲಿ ಭಯ ಹುಟ್ಟಿಸುವ ಸಂದೇಶಗಳು ಎಲ್ಲರಿಗೂ ಬಂದವು. ಭಯದ ಜೊತೆಗೆ ಬರಬೇಕಾಗಿದ್ದ ತಿಳಿವಳಿಕೆ ಮಾತ್ರ ಅಷ್ಟಾಗಿ ಬರಲಿಲ್ಲ.

ಗಲ್ಫಿಗೆ ಹೋಗುವ ಕರೆ

ನಮ್ಮಲ್ಲಿ ರಾತ್ರಿ 2 ಗಂಟೆಯಾದಾಗ ದುಬೈಯಲ್ಲಿ 12.30, ಸೌದಿ, ಕುವೈತ್, ಕತಾರ್‌ಗಳಲ್ಲಿ 11.30. ಗಂಡ ಅಲ್ಲಿ ಎಚ್ಚರ ಇರುವ ಹೊತ್ತು. ಹಾಗಾಗಿ ಹೆದರಿದ ಹೆಣ್ಣುಮಗಳ ಕೈ ತಾನಾಗಿ ಅವನ ನಂಬರಿಗೇ ಹೋಗುತ್ತದೆ. ಅವನು ಊರಿನ ಅಣ್ಣನಿಗೆ ಮಾಡುತ್ತಾನೆ, ಅಣ್ಣ ನಿದ್ದೆಯಲ್ಲಿ ಫೋನ್ ಎತ್ತುವುದಿಲ್ಲ, ಮತ್ತೆ ಭಾವನಿಗೆ, ಭಾವನಿಂದ ನೆರೆಮನೆಗೆ. ಹತ್ತು ಹೆಜ್ಜೆ ದೂರದ ಮನೆಗೆ ಸುದ್ದಿ ಸಮುದ್ರ ದಾಟಿ ಹೋಗಿ ವಾಪಸು ಬರಬೇಕು. ಅಷ್ಟರಲ್ಲಿ ಅಮೂಲ್ಯವಾದ ನಿಮಿಷಗಳು ಕಳೆದಿರುತ್ತವೆ.

ಆದ್ದರಿಂದ ಮನೆಯಲ್ಲಿ ಒಂದು ಕ್ರಮ ಗಟ್ಟಿಯಾಗಿ ತೀರ್ಮಾನವಾಗಿರಲಿ: ಮೊದಲ ಕರೆ 112ಕ್ಕೆ, ಎರಡನೆಯದು ನೆರೆಮನೆಗೆ, ಮೂರನೆಯದು ಗಲ್ಫಿಗೆ. 112 ದೇಶಕ್ಕೆಲ್ಲ ಒಂದೇ ತುರ್ತು ಸಂಖ್ಯೆ. ಫೋನ್ ಲಾಕ್ ಆಗಿದ್ದರೂ ಅದರ ಪರದೆಯ ಮೇಲಿನ ತುರ್ತು ಕರೆಯ ಗುಂಡಿಯಿಂದ ಈ ಕರೆ ಮಾಡಬಹುದು. ಮಕ್ಕಳಿಗೂ, ಓದು ಬರಹ ಬಾರದ ಉಮ್ಮನಿಗೂ ಇದನ್ನು ಒಮ್ಮೆ ತೋರಿಸಿಕೊಟ್ಟರೆ ಸಾಕು.

ಫೋನ್ ಎತ್ತಿದವರಿಗೆ ಇಡೀ ಕತೆ ಹೇಳಬೇಕಾಗಿಲ್ಲ. ಮೊದಲು ಜಿಲ್ಲೆ, ಊರು, ಹತ್ತಿರದ ಗುರುತು: ಮಸೀದಿ, ಶಾಲೆ, ಬಸ್ ಸ್ಟಾಪ್, ಯಾವುದಾದರೊಂದು. ಆಮೇಲೆ "ಮನೆಗೆ ಯಾರೋ ನುಗ್ಗಿದ್ದಾರೆ, ನಾನೊಬ್ಬಳೇ ಇದ್ದೇನೆ" ಎಂಬ ಎರಡು ಮಾತು. ಕುಂಜತ್ತೂರು, ವರ್ಕಾಡಿಯಂಥ ಗಡಿ ಊರುಗಳಲ್ಲಿ ಫೋನ್ ಕೆಲವೊಮ್ಮೆ ಕರ್ನಾಟಕದ ಟವರ್ ಹಿಡಿಯುವುದುಂಟು. ಅಲ್ಲಿನವರು "ಕೇರಳ, ಕಾಸರಗೋಡು ಜಿಲ್ಲೆ" ಎಂದೇ ಮಾತು ಶುರು ಮಾಡುವುದು ಒಳ್ಳೆಯದು. ನಿಮ್ಮ ಊರಿನ ಪೊಲೀಸ್ ಸ್ಟೇಷನ್ನಿನ ನಂಬರೂ ಫೋನಿನಲ್ಲಿ ಇರಲಿ.

ಹೊರಗೆ ಇದ್ದರೆ ಒಂದು, ಒಳಗೆ ಬಂದರೆ ಇನ್ನೊಂದು

ಶಬ್ದ ಹೊರಗಿನಿಂದ ಬರುತ್ತಿದ್ದರೆ ಬಾಗಿಲು ತೆರೆದು ನೋಡಲೇಬಾರದು. ನಲ್ಲಿಯಿಂದ ನೀರು ಹರಿಯುವ ಶಬ್ದವಾಗಲಿ, ಮಗು ಅಳುವ ಸದ್ದಾಗಲಿ, ಕಾಲಿಂಗ್ ಬೆಲ್ ಆಗಲಿ, ಆ ಹೊತ್ತಿನಲ್ಲಿ ಬಾಗಿಲು ತೆರೆಯುವುದಕ್ಕೆ ಅದು ಕಾರಣವಲ್ಲ. ಒಳಗಿನಿಂದಲೇ ಹೊರಗಿನ ಎಲ್ಲ ಲೈಟ್ ಹಾಕಿ, ಮನೆಯಲ್ಲಿ ಗಂಡಸರಿದ್ದಾರೆ ಎಂಬಂತೆ ಹೆಸರು ಹಿಡಿದು ಜೋರಾಗಿ ಕೂಗಿ ಮಾತಾಡಿದರೆ ಕಳ್ಳ ಹೆಚ್ಚು ಹೊತ್ತು ನಿಲ್ಲಲಿಕ್ಕಿಲ್ಲ. ಯಾರೂ ನೋಡದ ಹಾಗೆ ಬಂದು ಹೋಗಬೇಕು ಎಂಬುದೇ ಅವನ ಲೆಕ್ಕ. ಬೆಳಕು ಮತ್ತು ಗದ್ದಲ ಆ ಲೆಕ್ಕವನ್ನು ಕೆಡಿಸುತ್ತವೆ.

ಅವನು ಒಳಗೇ ಬಂದಿದ್ದರೆ ಹುಡುಕಿಕೊಂಡು ಹೋಗಬಾರದು. ಮಕ್ಕಳನ್ನು ಕರೆದುಕೊಂಡು ಒಂದೇ ಕೋಣೆ ಸೇರಿ, ಚಿಲಕ ಹಾಕಿ, ಬಾಗಿಲಿಗೆ ಮಂಚವನ್ನೋ ಮೇಜನ್ನೋ ಅಡ್ಡ ಸರಿಸಿ, ತಗ್ಗಿದ ದನಿಯಲ್ಲಿ ಫೋನ್ ಮಾಡಬೇಕು. ಮಾತಾಡುವುದು ಸಾಧ್ಯವೇ ಇಲ್ಲ ಎಂದಾದರೂ ಕರೆಯನ್ನು ಕಡಿಯಬೇಡಿ.

ಮುಖಾಮುಖಿಯಾದರೆ ಅವನಿಗೂ ಬಾಗಿಲಿಗೂ ನಡುವೆ ನಿಲ್ಲಬಾರದು. ತಪ್ಪಿಸಿಕೊಳ್ಳಲು ದಾರಿ ಸಿಗದ ಕಳ್ಳನಿಂದಲೇ ಜೀವಕ್ಕೆ ಹೆಚ್ಚು ಅಪಾಯ. ಮುಖಕ್ಕೆ ಕಟ್ಟಿದ ಬಟ್ಟೆ ಎಳೆಯುವ ಧೈರ್ಯ ಬೇಡ. ಚಿನ್ನ ಕೇಳಿದರೆ ಕೊಟ್ಟುಬಿಡಬೇಕು. ಚಿನ್ನ ಮತ್ತೆ ಮಾಡಿಸಬಹುದು. ಆದರೆ ಎತ್ತರ, ನಡಿಗೆ, ಮಾತಿನ ಭಾಷೆ, ಕೈಯ ಗಾಯದ ಗುರುತು, ಹೋದ ದಿಕ್ಕು, ಇವುಗಳಲ್ಲಿ ಒಂದೆರಡಾದರೂ ನೆನಪಿನಲ್ಲಿ ಉಳಿದರೆ ಪೊಲೀಸರಿಗೆ ಅದು ದೊಡ್ಡ ಸಹಾಯ.

ಬಾಯಿ ಬರಲಿಲ್ಲ ಎಂದರೆ ಅದು ತಪ್ಪಲ್ಲ

ಇಷ್ಟೆಲ್ಲ ಗೊತ್ತಿದ್ದೂ ಆ ಹೊತ್ತಿಗೆ ಕೈಕಾಲು ಆಡದೇ ಇರಬಹುದು. ದೊಡ್ಡ ಅಪಾಯ ಎದುರಾದಾಗ ಮೆದುಳು ಯೋಚನೆಗೆ ಕಾಯದೆ ದೇಹಕ್ಕೆ ಆದೇಶ ಕೊಡುತ್ತದೆ. ಅಡ್ರಿನಲಿನ್ ಹೆಚ್ಚುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಬಾಯಿ ಒಣಗುತ್ತದೆ. ಕೆಲವರು ಎದುರಿಸುತ್ತಾರೆ, ಕೆಲವರು ಓಡುತ್ತಾರೆ, ಇನ್ನು ಕೆಲವರು ಕಲ್ಲಿನಂತೆ ನಿಂತುಬಿಡುತ್ತಾರೆ. ಈ ಮೂರನೆಯದೂ ದೇಹದ ಸ್ವಾಭಾವಿಕ ಪ್ರತಿಕ್ರಿಯೆಯೇ. ಅದಕ್ಕೂ ಹೇಡಿತನಕ್ಕೂ ಸಂಬಂಧವಿಲ್ಲ, ಒಪ್ಪಿಗೆಗಂತೂ ಇಲ್ಲವೇ ಇಲ್ಲ. ಮರುದಿನ ಬಂದವರೆಲ್ಲ "ನೀನು ಯಾಕೆ ಬೊಬ್ಬೆ ಹಾಕಲಿಲ್ಲ?" ಎಂದು ಕೇಳುವುದು ಗಾಯದ ಮೇಲೆ ಉಪ್ಪು ಹಾಕಿದಂತೆ. ಅದರ ಬದಲು ಆ ರಾತ್ರಿ ಅವಳ ಜೊತೆ ಮಲಗಲು ಒಬ್ಬರು ಬಂದರೆ ಅದೇ ದೊಡ್ಡ ಉಪಕಾರ. ವಾರಗಳು ಕಳೆದರೂ ನಿದ್ದೆ ಬಾರದೆ, ಸಣ್ಣ ಶಬ್ದಕ್ಕೂ ಬೆಚ್ಚುವ ಹಾಗಿದ್ದರೆ ಡಾಕ್ಟರಿಗೆ ತೋರಿಸಬೇಕು.

"ಬಂದದ್ದು ಕಳ್ಳನೇ ಹೌದಾ?"

ನಮ್ಮ ನಡುವಿನ ನಿಜವಾದ ಸಮಸ್ಯೆ ಇರುವುದು ಇಲ್ಲಿ. ಗಂಡ ಊರಲ್ಲಿಲ್ಲದ ಹೆಣ್ಣಿನ ಮನೆಗೆ ರಾತ್ರಿ ಗಂಡಸೊಬ್ಬ ಬಂದ ಎಂಬ ಸುದ್ದಿ ಹೊರಬಿದ್ದರೆ ಸಾಕು, ಕೆಲವು ನಾಲಗೆಗಳು ಬೇರೆ ದಾರಿ ಹಿಡಿಯುತ್ತವೆ. "ಬಂದದ್ದು ಕಳ್ಳನೇ ಹೌದಾ? ಬೇರೆ ಮನೆ ಬಿಟ್ಟು ಅಲ್ಲಿಗೇ ಯಾಕೆ ಹೋದ?" ಎಂಬ ಮಾತು ಬರುತ್ತದೆ ಎಂದು ಹೆದರಿ ಎಷ್ಟೋ ಹೆಣ್ಣುಮಕ್ಕಳು ಕೂಗುವುದೇ ಇಲ್ಲ. ಮುರಿದ ಚಿಲಕವನ್ನು ಸುಮ್ಮನೆ ರಿಪೇರಿ ಮಾಡಿಸಿ, ಗಂಡನಿಗೂ ಹೇಳದೆ ಇರುವವರುಂಟು. ಇದರ ಲಾಭ ನೇರವಾಗಿ ಹೋಗುವುದು ಕಳ್ಳನಿಗೆ. ಒಂದು ಮನೆ ಸುಮ್ಮನಿದ್ದರೆ ಅವನು ಧೈರ್ಯವಾಗಿ ಪಕ್ಕದ ಮನೆಗೆ ಬರುತ್ತಾನೆ.

ಅನುಮತಿ ಪಡೆಯದೆ, ಸಲಾಂ ಹೇಳದೆ ಇನ್ನೊಬ್ಬರ ಮನೆಯೊಳಗೆ ಕಾಲಿಡಬಾರದು ಎಂದು ಕುರ್‌ಆನ್ ಹೇಳುವುದು ಸೂರಃ ಅನ್ನೂರ್‌ನ 27ನೇ ವಚನದಲ್ಲಿ. ಹಿಂದಿರುಗಿ ಎಂದರೆ ಹಿಂದಿರುಗಬೇಕು ಎಂಬುದು ಅದರ ಮುಂದಿನ ವಚನ. ಇದನ್ನು ಮದ್ರಸದ ಮಕ್ಕಳೂ ಕಲಿಯುತ್ತಾರೆ. ಆದರೆ ಅದೇ ಸೂರಃದ ಆರಂಭದಲ್ಲಿ, 4ನೇ ವಚನದಲ್ಲಿ, ಶೀಲವಂತ ಸ್ತ್ರೀಯ ಮೇಲೆ ಆರೋಪ ಹೊರಿಸಿ ನಾಲ್ಕು ಸಾಕ್ಷಿಗಳನ್ನು ತಾರದವರಿಗೆ ಎಂಬತ್ತು ಏಟಿನ ಶಿಕ್ಷೆಯನ್ನು ಹೇಳಲಾಗಿದೆ. ಅಂಥ ಸುದ್ದಿ ಕೇಳಿದಾಗ ಸತ್ಯವಿಶ್ವಾಸಿಗಳು ಒಳ್ಳೆಯದನ್ನೇ ಯಾಕೆ ಭಾವಿಸಲಿಲ್ಲ ಎಂದು 12ನೇ ವಚನ ಪ್ರಶ್ನಿಸುತ್ತದೆ. ಮನೆಯ ಮರ್ಯಾದೆ, ಹೆಣ್ಣಿನ ಮರ್ಯಾದೆ ಎರಡನ್ನೂ ಒಂದೇ ಸೂರಃ ಕಾಯುತ್ತದೆ. ಬಾಗಿಲು ಒಡೆದವನನ್ನು ಬೈದು, ನಾಲಗೆಯಿಂದ ಅದೇ ಮನೆಯನ್ನು ಒಡೆಯುವವರಿಗೆ ಇದರಲ್ಲಿ ಪಾಠ ಉಂಟು.

ಕಾನೂನು ಯಾರ ಪರ?

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆ ರಾತ್ರಿಯ ಅಪರಾಧವನ್ನು ಹಗಲಿನದ್ದಕ್ಕಿಂತ ಗಂಭೀರವಾಗಿ ಕಾಣುತ್ತದೆ. 331ನೇ ಸೆಕ್ಷನ್ ಪ್ರಕಾರ, ಸೂರ್ಯಾಸ್ತದ ನಂತರ ಸೂರ್ಯೋದಯದ ಮೊದಲು ಕಳ್ಳತನಕ್ಕಾಗಿ ಮನೆ ಒಡೆದು ನುಗ್ಗಿದವನಿಗೆ 14 ವರ್ಷದವರೆಗೆ ಶಿಕ್ಷೆಯಾಗಬಹುದು. ಬೀಗ ತೆರೆದು ಬರುವುದು, ಗೋಡೆ ಹತ್ತಿ ಬರುವುದು, ಮನುಷ್ಯರು ಬರಲಿಕ್ಕೆಂದು ಇಲ್ಲದ ದಾರಿಯಿಂದ ಬರುವುದು, ಎಲ್ಲವೂ ಮನೆ ಒಡೆಯುವುದರಲ್ಲಿ ಸೇರುತ್ತದೆ. ಏನೂ ಕದಿಯಲಿಲ್ಲ, ಬರೀ ನುಗ್ಗಿ ಓಡಿದ ಎಂದರೂ ಅದು ಅಪರಾಧವೇ. "ಹೋದದ್ದು ಏನೂ ಇಲ್ಲವಲ್ಲ, ದೂರು ಯಾಕೆ?" ಎನ್ನುವುದು ಸರಿಯಲ್ಲ.

ಆತ್ಮರಕ್ಷಣೆಯ ಹಕ್ಕನ್ನೂ ಕಾನೂನು ಕೊಟ್ಟಿದೆ. ರಾತ್ರಿ ಮನೆ ಒಡೆದು ನುಗ್ಗಿದವನು ಒಳಗಿರುವಷ್ಟು ಹೊತ್ತು ಆ ಹಕ್ಕು ಮುಂದುವರಿಯುತ್ತದೆ. ತುಂಬ ಗಂಭೀರ ಸಂದರ್ಭದಲ್ಲಿ ಅವನ ಪ್ರಾಣ ಹೋದರೂ ರಕ್ಷಣೆ ಸಿಗಬಹುದು ಎಂದು 41ನೇ ಸೆಕ್ಷನ್ ಹೇಳುತ್ತದೆ. ಆದರೆ ರಕ್ಷಣೆಗೆ ಎಷ್ಟು ಬೇಕೋ ಅಷ್ಟೇ ಬಲ ಎಂಬ ಮಿತಿ 37ನೇ ಸೆಕ್ಷನ್‌ನಲ್ಲಿದೆ.

ಹಿಡಿದ ಮೇಲೆ ಕೈ ಎತ್ತಬೇಡಿ

ಈ ಮಾತು ಮುಖ್ಯವಾಗಿ ಯುವಕರಿಗೆ. ಕೂಗು ಕೇಳಿ ಓಡಿ ಬರುವುದು ದೊಡ್ಡ ಪುಣ್ಯದ ಕೆಲಸ. ಆದರೆ ಸಿಕ್ಕಿದವನನ್ನು ತೆಂಗಿನ ಮರಕ್ಕೆ ಕಟ್ಟಿ ಹೊಡೆಯುವುದು, ವಿಡಿಯೋ ಮಾಡಿ ಹಂಚುವುದು ರಕ್ಷಣೆಯಲ್ಲ, ಅಪರಾಧ. ಅಪಾಯ ಮುಗಿದ ಮೇಲೆ ಬೀಳುವ ಒಂದೊಂದು ಏಟಿಗೂ ಹೊಡೆದವನೇ ಲೆಕ್ಕ ಕೊಡಬೇಕು.

2018ರ ಫೆಬ್ರವರಿ 22ರಂದು ಪಾಲಕ್ಕಾಡ್ ಜಿಲ್ಲೆಯ ಅಟ್ಟಪ್ಪಾಡಿಯಲ್ಲಿ ಆಹಾರ ಕದ್ದನೆಂದು ಆರೋಪಿಸಿ ಮಧು ಎಂಬ ಆದಿವಾಸಿ ಯುವಕನನ್ನು ಗುಂಪೊಂದು ಹಿಡಿದು ಹೊಡೆಯಿತು. ಅವನು ಸತ್ತುಹೋದ. 2023ರ ಏಪ್ರಿಲಿನಲ್ಲಿ ಮಣ್ಣಾರ್ಕಾಡಿನ ನ್ಯಾಯಾಲಯ 13 ಮಂದಿಗೆ ಏಳು ವರ್ಷ ಕಠಿಣ ಸಜೆ ವಿಧಿಸಿತು. ಅದೇ 2018ರ ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರೆಂಬ ವಾಟ್ಸಾಪ್ ವದಂತಿ ನಂಬಿದ ಗುಂಪು ಹೈದರಾಬಾದಿನ ಯುವಕನೊಬ್ಬನನ್ನು ಕೊಂದಿತು. ಅವನು ಕಳ್ಳನಾಗಿರಲಿಲ್ಲ. ಗುಂಪಿನ ಕೈಗೆ ಅಮಾಯಕ ಸಿಕ್ಕಿದರೆ ಏನಾಗುತ್ತದೆ ಎಂಬುದನ್ನು ನಮ್ಮ ಸಮುದಾಯಕ್ಕೆ ಬೇರೆಯವರು ಹೇಳಿಕೊಡಬೇಕಾಗಿಲ್ಲ.

ಕಣ್ಣೆದುರು ಗಂಭೀರ ಅಪರಾಧ ಮಾಡಿದವನನ್ನು ಸಾಮಾನ್ಯ ಜನರೂ ಹಿಡಿಯಬಹುದು ಎಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 40ನೇ ಸೆಕ್ಷನ್ ಹೇಳುತ್ತದೆ. ಆದರೆ ತಡಮಾಡದೆ, ಹೆಚ್ಚೆಂದರೆ 6 ಗಂಟೆಯೊಳಗೆ, ಪೊಲೀಸರಿಗೆ ಒಪ್ಪಿಸಬೇಕು. ಹಿಡಿದವರು ಹೊಡೆದರೆ ಅವರೇ ಆರೋಪಿಗಳಾಗುತ್ತಾರೆ. ಗಲ್ಫ್ ವೀಸಾ ಕಾಯುತ್ತಿರುವ ಹುಡುಗನ ಮೇಲೆ ಕೇಸು ಬಿದ್ದರೆ ಪಾಸ್‌ಪೋರ್ಟಿನಿಂದ ಹಿಡಿದು ಎಲ್ಲದಕ್ಕೂ ತೊಡಕು.

ಪೊಲೀಸರು ಬರುವವರೆಗೆ ಮುರಿದ ಬಾಗಿಲು, ಎಳೆದು ಹಾಕಿದ ಕಪಾಟು ಯಾವುದನ್ನೂ ಮುಟ್ಟಬೇಡಿ. ಬೆರಳಚ್ಚು, ಹೆಜ್ಜೆಗುರುತು ಇರುವುದು ಅಲ್ಲೇ. ಗುಡಿಸಿ ಒರೆಸಿ ನೀಟು ಮಾಡಿಟ್ಟರೆ ಕಳ್ಳನ ಗುರುತೂ ಹೋಗುತ್ತದೆ. ಘಟನೆ ಯಾವ ಸ್ಟೇಷನ್ನಿನ ವ್ಯಾಪ್ತಿಯಲ್ಲಿ ನಡೆದಿದ್ದರೂ ಯಾವುದೇ ಸ್ಟೇಷನ್ನಿನಲ್ಲಿ ದೂರು ಕೊಡಬಹುದು. ಎಫ್‌ಐಆರ್ ಪ್ರತಿಯನ್ನು ಉಚಿತವಾಗಿ ಕೇಳಿ ಪಡೆಯುವುದು ದೂರುದಾರರ ಹಕ್ಕು.

ಹಗಲಲ್ಲೇ ಆಗಬೇಕಾದ ಕೆಲಸ

ಕಳ್ಳನಿಗೆ ಬೇಕಾದ ಸಾಮಾನು ಎಷ್ಟೋ ಸಲ ಮನೆಯವರೇ ಅಂಗಳದಲ್ಲಿ ಇಟ್ಟಿರುತ್ತಾರೆ. ಗೋಡೆಗೆ ಒರಗಿಸಿದ ಏಣಿ, ಹಿತ್ತಿಲಲ್ಲಿ ಬಿಟ್ಟ ಪಿಕ್ಕಾಸು, ಹಾರೆ, ಕತ್ತಿ, ಇವೆಲ್ಲ ರಾತ್ರಿ ಒಳಗೆ ಇರಬೇಕು. ಮುಂಬಾಗಿಲಿಗೆ ತೇಗದ ಮರ, ಹಿಂಬಾಗಿಲಿಗೆ ಸಣ್ಣ ಬೋಲ್ಟು ಎಂಬಂತಿರುವ ಮನೆಗಳು ಬಹಳ. ಹಿಂಬಾಗಿಲಿಗೆ ಒಳಗಿನಿಂದ ಅಡ್ಡಕ್ಕೆ ಒಂದು ಕಬ್ಬಿಣದ ಪಟ್ಟಿ ಹಾಕಿಸಿದರೆ ಖರ್ಚು ಕಡಿಮೆ, ಪ್ರಯೋಜನ ಜಾಸ್ತಿ. ಹೊರಗಿನ ಲೈಟುಗಳ ಸ್ವಿಚ್ ಒಂದನ್ನು ಮಲಗುವ ಕೋಣೆಗೂ ತರಿಸಿಕೊಳ್ಳಬೇಕು. ಹಂಚಿನ ಮನೆಯವರಿಗೆ ಮಳೆಗಾಲದಲ್ಲಿ ಎಚ್ಚರ ಹೆಚ್ಚು ಬೇಕು. ಮಳೆಯ ಸದ್ದಿನಲ್ಲಿ ಹಂಚು ತೆಗೆಯುವುದು ಕೇಳಿಸುವುದಿಲ್ಲ.

ಸುಬ್‌ಹಿಗೆ ಮಸೀದಿಗೆ ಹೋಗುವವರು ಬಾಗಿಲು ಸುಮ್ಮನೆ ಎಳೆದುಕೊಂಡು ಹೋಗದೆ, ಒಳಗಿದ್ದವರನ್ನು ಎಬ್ಬಿಸಿ ಚಿಲಕ ಹಾಕಿಸಬೇಕು. ರಂಝಾನಿನ ತರಾವೀಹ್ ಹೊತ್ತಿನಲ್ಲೂ ಹಾಗೆಯೇ. ರಾತ್ರಿ ಅಲ್ಲಾಹನ ನಾಮ ಹೇಳಿ ಬಾಗಿಲು ಮುಚ್ಚಬೇಕೆಂದು ಪ್ರವಾದಿಯವರು (ಸ) ಕಲಿಸಿದ್ದು ಬುಖಾರಿಯ ಹದೀಸ್‌ನಲ್ಲಿದೆ. ದುಆ ಮತ್ತು ಚಿಲಕ ಎರಡೂ ಅದರಲ್ಲಿವೆ.

ಮನೆಗೆ ಬೀಗ ಹಾಕಿ ದೂರ ಹೋಗುವುದಾದರೆ ಕೇರಳ ಪೊಲೀಸರ ಪೋಲ್-ಆಪ್‌ನಲ್ಲಿ ಮೊದಲೇ ತಿಳಿಸುವ ವ್ಯವಸ್ಥೆ ಉಂಟು. ಪ್ರಯಾಣದ ಫೋಟೋಗಳನ್ನು ವಾಟ್ಸಾಪ್ ಸ್ಟೇಟಸ್‌ಗೆ ಹಾಕುವುದು ವಾಪಸು ಬಂದ ಮೇಲೂ ಆಗುತ್ತದೆ.

ಇನ್ನೊಂದು ಕೆಲಸ ಜಮಾಅತ್ ಕಮಿಟಿಗಳ ಕೈಯಲ್ಲಿದೆ. ಮೊಹಲ್ಲಾದಲ್ಲಿ ಹೆಂಗಸರು, ವಯಸ್ಸಾದವರು ಮಾತ್ರ ಇರುವ ಮನೆಗಳು ಯಾವುವು ಎಂದು ಕಮಿಟಿಗೆ ಹೇಗೂ ಗೊತ್ತು. ಆ ಪಟ್ಟಿಯನ್ನು ಗ್ರೂಪುಗಳಲ್ಲಿ ಹಂಚಬಾರದು. ಅದರ ಬದಲು ಒಂದೊಂದು ಮನೆಗೂ, ರಾತ್ರಿ ಫೋನ್ ಸೈಲೆಂಟ್ ಮಾಡದೆ ಮಲಗುವ ಎರಡು ನೆರೆಮನೆಗಳನ್ನು ಗೊತ್ತು ಮಾಡಿಕೊಡಬಹುದು. ನೆರೆಮನೆ ಯಾವ ಧರ್ಮದವರದ್ದಾದರೂ ಸರಿ. ನಡುರಾತ್ರಿ ಮೊದಲು ಓಡಿ ಬರುವವರು ಹತ್ತಿರದವರೇ. ಆ ಎರಡು ನಂಬರುಗಳನ್ನು 112ರ ಕೆಳಗೆ ದೊಡ್ಡ ಅಕ್ಷರದಲ್ಲಿ ಬರೆದು ಮಲಗುವ ಕೋಣೆಯ ಗೋಡೆಗೆ ಅಂಟಿಸಲು ಐದು ನಿಮಿಷ ಸಾಕು.