ಕ್ಲಚ್ಚಿನ ಹಿಡಿ ಸಡಿಲವಾದಾಗ

ಇತಿಹಾಸ, ಅರ್ಥಶಾಸ್ತ್ರಗಳನ್ನು ಓದುವ ಬಿ.ಎ. ವಿದ್ಯಾರ್ಥಿಗೆ ಮೋಟಾರು ಸೈಕಲ್ಲಿನ ನಟ್ಟು ಬೋಲ್ಟುಗಳ ಗೊಡವೆ ಏಕೆಂದು ವಾಚಕರು ಕೇಳಬಹುದು. ಮನೆಯಲ್ಲಿ ಇರುವ ವಾಹನ ಒಂದೇ ಆಗಿ, ಅದೂ ಹಳೆಯದಾಗಿ, ಹಾಲಿನ ಕ್ಯಾನುಗಳನ್ನು ಅದಕ್ಕೆ ಕಟ್ಟಿಕೊಂಡು ತಂದೆಯವರು ದಿನವೂ ಪೇಟೆಗೆ ಹೋಗಬೇಕಾದಾಗ ಈ ಗೊಡವೆ ತಾನಾಗಿಯೇ ಬರುತ್ತದೆ.

ನಮ್ಮದು ಯೆಜ್ಡಿ. ಜೆಕ್ ದೇಶದ ಜಾವಾ ಗಾಡಿಯ ವಂಶಕ್ಕೆ ಸೇರಿದ್ದು. ಯಾನೆಚೆಕ್ ಎಂಬವರು 1929ರಲ್ಲಿ ಜರ್ಮನಿಯ ವಾಂಡರರ್ ಸಂಸ್ಥೆಯ ಮೋಟಾರು ಸೈಕಲ್ಲನ್ನು ತಯಾರಿಸಲು ತೊಡಗಿದಾಗ ಎರಡೂ ಹೆಸರುಗಳ ಮೊದಲ ಅಕ್ಷರಗಳು ಕೂಡಿ 'ಜಾವಾ' ಆಯಿತು. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1960ರ ದಶಕದ ಆರಂಭದಿಂದ ಈ ಗಾಡಿಗಳನ್ನು ತಯಾರಿಸಿತು. ಮುಂದೆ ಅವಕ್ಕೆ ಯೆಜ್ಡಿ ಎಂಬ ಹೆಸರಾಯಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಆದರೆ ಗಾಡಿಗಳು ನಿಲ್ಲಲಿಲ್ಲ.

ಇನ್ನು ಕ್ಲಚ್ಚಿನ ವಿಚಾರ. ಎಂಜಿನ್ನಿನ ಸುತ್ತುವ ಶಕ್ತಿ ಗೇರ್ ಪೆಟ್ಟಿಗೆಗೆ ಹೋಗುವ ದಾರಿಯಲ್ಲಿ ಕ್ಲಚ್ ಪ್ಲೇಟುಗಳಿವೆ. ಸ್ಪ್ರಿಂಗುಗಳು ಅವನ್ನು ಒಂದಕ್ಕೊಂದು ಅದುಮಿ ಹಿಡಿದಿರುತ್ತವೆ. ಎಡಗೈಯ ಲಿವರನ್ನು ಎಳೆದರೆ ಕೇಬಲ್ ಜಗ್ಗಿ, ಪ್ಲೇಟುಗಳು ಬಿಡಿಸಿಕೊಂಡು, ಎಂಜಿನ್ ಓಡುತ್ತಿದ್ದರೂ ಚಕ್ರ ನಿಲ್ಲುತ್ತದೆ. ಲಿವರ್ ಎಂದರೆ ನಾವು ಪ್ರೌಢಶಾಲೆಯಲ್ಲಿ ಓದಿದ ಸನ್ನೆಕೋಲೇ. ಹ್ಯಾಂಡಲಿನ ಬ್ರಾಕೆಟ್ಟಿನಲ್ಲಿ ಅದನ್ನು ಹಿಡಿದಿರುವ ಬೋಲ್ಟೇ ಅದರ ಆಧಾರ ಬಿಂದು. ಬೋಲ್ಟಿನಿಂದ ಬೆರಳಿಗೆ ಇರುವ ದೂರ, ಬೋಲ್ಟಿನಿಂದ ಕೇಬಲ್ಲಿಗೆ ಇರುವ ದೂರದ 4 ಪಟ್ಟು ಎಂದುಕೊಳ್ಳೋಣ. ಆಗ ಬೋಲ್ಟಿನ ರಂಧ್ರ 1 ಮಿಲಿಮೀಟರ್ ಸವೆದರೆ ಬೆರಳಿನ ಎಳೆತದಲ್ಲಿ ಸುಮಾರು 4 ಮಿಲಿಮೀಟರ್ ವ್ಯರ್ಥವಾಗುತ್ತದೆ. ಲಿವರ್ ಹ್ಯಾಂಡಲಿಗೆ ತಾಗಿದರೂ ಪ್ಲೇಟುಗಳು ಪೂರ್ತಿ ಬಿಡಿಸಿಕೊಳ್ಳುವುದಿಲ್ಲ.

ನಮ್ಮ ಗಾಡಿಗೆ ಆದದ್ದು ಇದೇ. ಸಿಗ್ನಲ್ಲಿನಲ್ಲಿ ಕ್ಲಚ್ ಹಿಡಿದು ನಿಂತರೂ ಗಾಡಿ ಮುಂದಕ್ಕೆ ತೆವಳುತ್ತಿತ್ತು. ಒಮ್ಮೆ ಮುಂದಿದ್ದ ಬಸ್ಸಿಗೆ ತಾಗುವುದು ಗೇಣಿನಲ್ಲಿ ತಪ್ಪಿತು. ರಿಪೇರಿಯವರೊಬ್ಬರು ಎಂಜಿನ್ ಬಿಚ್ಚಿ ಪ್ಲೇಟುಗಳನ್ನೇ ಬದಲಾಯಿಸಿದರು. ನನ್ನ ಪರೀಕ್ಷಾ ಶುಲ್ಕಕ್ಕೆಂದು ಇಟ್ಟಿದ್ದ ಹಣ ಅದಕ್ಕೆ ಹೋಯಿತು. ತೆವಳುವುದು ಮಾತ್ರ ಹೋಗಲಿಲ್ಲ.

ಕೊನೆಗೆ ಲೇತ್ ಕೆಲಸದ ಹಿರಿಯರೊಬ್ಬರು, "ಎಲ್ಲಿ ಮಗಾ, ಆ ಲಿವರನ್ನ ಮೇಲೆ ಕೆಳಗೆ ಅಲ್ಲಾಡಿಸು ನೋಡೋಣ" ಎಂದರು. ಅದು ಕೋಳಿಯ ಕತ್ತಿನಂತೆ ಅಲ್ಲಾಡಿತು. ಆಮೇಲೆ ಅವರು ಇನ್ನೊಂದು ಪರೀಕ್ಷೆಯನ್ನೂ ತೋರಿಸಿದರು. ಈ ಹಳೆಯ ಗಾಡಿಗಳಲ್ಲಿ ಕಾಲಿನಿಂದ ಗೇರ್ ಪೆಡಲನ್ನು ಒತ್ತಿದಾಗಲೂ ಕ್ಲಚ್ ತಾನೇ ಬಿಡಿಸಿಕೊಳ್ಳುವ ಏರ್ಪಾಡಿದೆ. ಅದಕ್ಕೆ ಕೇಬಲ್ಲಿನ ಹಂಗಿಲ್ಲ. ಪೆಡಲನ್ನು ಒತ್ತಿ ಹಿಡಿದಾಗ ಗಾಡಿ ತೆವಳದೆ, ಕೈಯಿಂದ ಲಿವರ್ ಹಿಡಿದಾಗ ಮಾತ್ರ ತೆವಳಿದರೆ ದೋಷ ಪ್ಲೇಟಿನದಲ್ಲ, ಲಿವರಿನದು ಅಥವಾ ಕೇಬಲ್ಲಿನದು. ಗೇರು ಸಲೀಸಾಗಿ ಬೀಳುತ್ತಿದ್ದುದರಿಂದಲೇ ಲಿವರಿನ ಸವೆತ ಅಷ್ಟು ದಿನ ನಮ್ಮ ಕಣ್ಣಿಗೆ ಬಿದ್ದಿರಲಿಲ್ಲ.

ದುರಸ್ತಿಯ ಕ್ರಮ ಹೀಗೆ. ಕೇಬಲನ್ನು ಸಡಿಲಿಸಿ, ಬೋಲ್ಟನ್ನು ತೆಗೆದು, ಲಿವರನ್ನು ಬಿಡಿಸಿಕೊಳ್ಳಬೇಕು. ಬೋಲ್ಟಿನ ಮೇಲೆ ಉಗುರನ್ನು ಎಳೆದಾಗ ಮೆಟ್ಟಿಲಿನಂತೆ ತಡೆದರೆ ಅದು ಸವೆದಿದೆ, ಹೊಸದನ್ನು ಹಾಕಬೇಕು. ಲಿವರಿನ ರಂಧ್ರ ದುಂಡಗಿರದೆ ಮೊಟ್ಟೆಯಾಕಾರಕ್ಕೆ ತಿರುಗಿದ್ದರೆ ಹೊಸ ಬೋಲ್ಟೊಂದರಿಂದಲೇ ಪ್ರಯೋಜನವಿಲ್ಲ. ನಿಲುವು ಡ್ರಿಲ್ಲಿಂಗ್ ಯಂತ್ರದಲ್ಲಿ ರಂಧ್ರವನ್ನು ನೇರವಾಗಿ ದೊಡ್ಡದು ಮಾಡಿ, ಬೋಲ್ಟಿಗೆ ಸರಿಹೊಂದುವ ಗನ್‌ಮೆಟಲ್ ಬುಷ್ಷನ್ನು ವೈಸಿನಲ್ಲಿ ಒತ್ತಿ ಕೂರಿಸಬೇಕು. ಕೈಯಲ್ಲಿ ಹಿಡಿಯುವ ಡ್ರಿಲ್ಲಿನಿಂದ ಕೊರೆದರೆ ರಂಧ್ರ ಓರೆಯಾಗುತ್ತದೆ. ಮೇಲೆ ಕೆಳಗಿನ ಸಡಿಲಕ್ಕೆ ತೆಳುವಾದ ವಾಷರ್ ಸಾಕು. ಬ್ರಾಕೆಟ್ಟಿನ ಕಿವಿಗಳನ್ನು ಸುತ್ತಿಗೆಯಿಂದ ಬಡಿದು ಬಿಗಿ ಮಾಡಲೇಬಾರದು. ಎರಕದ ಲೋಹ ಬಿರಿಯುತ್ತದೆ. ಕಿವಿಗಳ ರಂಧ್ರವೂ ಸವೆದಿದ್ದರೆ ಬ್ರಾಕೆಟ್ಟನ್ನೇ ಬದಲಾಯಿಸುವುದು ಲೇಸು.

ಜೋಡಿಸುವಾಗ ಬುಷ್ಷಿಗೂ ಕೇಬಲ್ಲಿನ ತುದಿಯ ಗುಂಡಿಗೂ ಗ್ರೀಸ್ ಸವರಬೇಕು. ಆ ಗುಂಡಿ ತನ್ನ ಗೂಡಿನಲ್ಲಿ ಹೊರಳದಿದ್ದರೆ ಪ್ರತಿ ಎಳೆತಕ್ಕೂ ತಂತಿ ಬಗ್ಗಿ, ಎಳೆ ಎಳೆಯಾಗಿ ತುಂಡಾಗುತ್ತದೆ. ಬೋಲ್ಟನ್ನು ಲಿವರ್ ಬಿಗಿಯುವವರೆಗೆ ತಿರುಗಿಸಿ, ತುಸು ಹಿಂದಕ್ಕೆ ಬಿಟ್ಟು, ನಟ್ಟಿನಿಂದ ಭದ್ರಪಡಿಸಬೇಕು. ಕೊನೆಗೆ ಕೇಬಲನ್ನು ಸರಿಪಡಿಸುವಾಗ ಲಿವರಿಗೂ ಬ್ರಾಕೆಟ್ಟಿಗೂ ನಡುವೆ 2–3 ಮಿಲಿಮೀಟರ್ ಸಡಿಲವನ್ನು ಉಳಿಸಬೇಕು. ಈ ಸಡಿಲ ದೋಷವಲ್ಲ, ಅವಶ್ಯಕತೆ. ಸವೆತವನ್ನು ಮುಚ್ಚಲೆಂದು ಕೇಬಲನ್ನೇ ಪೂರ್ತಿ ಬಿಗಿದರೆ ಪ್ಲೇಟುಗಳು ಸರಿಯಾಗಿ ಕೂಡದೆ ಜಾರಿ, ಬೇಗನೆ ಸುಟ್ಟುಹೋಗುತ್ತವೆ.

ಆ ಹಿರಿಯರು ಬುಷ್ಷಿಗೆ ತೆಗೆದುಕೊಂಡದ್ದು ಒಂದು ಊಟದ ಬೆಲೆಯಷ್ಟು ಹಣ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಸನ್ನೆಯ ಸೂತ್ರವನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೆ. ಅದೇ ಸನ್ನೆ ದಿನವೂ ನನ್ನ ಎಡಗೈಯಲ್ಲಿದ್ದಾಗ ಮಾತ್ರ ಗುರುತಿಸಲಿಲ್ಲ. ಆದುದರಿಂದ ಮಿತ್ರರಲ್ಲಿ ನನ್ನ ವಿಜ್ಞಾಪನೆ ಇಷ್ಟೆ: ಎಂಜಿನ್ ಬಿಚ್ಚಿಸುವ ಮೊದಲು ಲಿವರನ್ನು ಒಮ್ಮೆ ಅಲ್ಲಾಡಿಸಿ ನೋಡಿರಿ.