ಹೊಗೆಯೂರು ನಗೆಯೂರಾದ ಬಗೆ

ನಡುಹಗಲಿನಲ್ಲೂ ವಾಹನಗಳು ದೀಪ ಹೊತ್ತಿಸಿಕೊಂಡೇ ಸಾಗಬೇಕಾಗಿತ್ತು. ಇದು ಅಮೆರಿಕದ ಟೆನೆಸ್ಸಿ ರಾಜ್ಯದ ಚಟ್ಟನೂಗ ನಗರದ ಅರವತ್ತರ ದಶಕದ ಚಿತ್ರ. 1969ರಲ್ಲಿ ಅಲ್ಲಿನ ಕೇಂದ್ರ ಸರ್ಕಾರದ ವರದಿಯು ಇದನ್ನು ಇಡೀ ದೇಶದಲ್ಲೇ ಅತ್ಯಂತ ಕೊಳಕು ಗಾಳಿಯ ನಗರವೆಂದು ಹೆಸರಿಸಿತು.

ಎರಕದ ಕಾರ್ಖಾನೆಗಳ ಹೊಗೆಯಷ್ಟೇ ಇದಕ್ಕೆ ಕಾರಣವಲ್ಲ. ನಗರವು ಬೆಟ್ಟಗಳ ನಡುವೆ ಬಟ್ಟಲಿನಂತಿದೆ. ಸಾಮಾನ್ಯವಾಗಿ ನೆಲದ ಬಳಿಯ ಬಿಸಿ ಗಾಳಿ ಹಗುರಾಗಿ ಮೇಲೇರುತ್ತದೆ. ಕಣಿವೆಗಳಲ್ಲಿ ಕೆಲವೊಮ್ಮೆ ತಂಪು ಗಾಳಿ ಕೆಳಗೆ, ಬಿಸಿ ಗಾಳಿ ಅದರ ಮೇಲೆ ನಿಂತು, ಪಾತ್ರೆಗೆ ಮುಚ್ಚಳ ಹಾಕಿದಂತಾಗುತ್ತದೆ. ಹೊಗೆ ಹೊರಹೋಗದೆ ಅಲ್ಲೇ ಉಳಿಯುತ್ತದೆ.

ಬಿಗಿಯಾದ ಕಾನೂನಿನಿಂದ ಗಾಳಿಯೇನೋ ತಿಳಿಯಾಗತೊಡಗಿತು. ಆದರೆ ಹಳೆಯ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿ ಜನ ಕೆಲಸ ಕಳೆದುಕೊಂಡರು. ಪೇಟೆ ಬಿಕೋ ಎನ್ನತೊಡಗಿತು. ಊರಿಗೆ ಹೊಸ ದುಡಿಮೆ ಎಲ್ಲಿಂದ ತರುವುದು?

1984ರಲ್ಲಿ 'ಚಟ್ಟನೂಗ ವೆಂಚರ್' ಎಂಬ ಸಂಸ್ಥೆ 'ವಿಷನ್ 2000' ಹೆಸರಿನ ಚಿಂತನಾ ಸಭೆಗಳನ್ನು ಏರ್ಪಡಿಸಿತು. ಪರಿಣತರು ಯೋಜನೆ ಬರೆದು ತಂದು ಜನರ ಒಪ್ಪಿಗೆ ಕೇಳುವುದು ಎಲ್ಲೆಡೆಯ ವಾಡಿಕೆ. ಇಲ್ಲಿ ಕ್ರಮ ತಿರುಗುಮುರುಗಾಯಿತು. 2000ದ ಇಸವಿಯ ಹೊತ್ತಿಗೆ ತಮ್ಮ ಊರು ಹೇಗಿರಬೇಕೆಂದು ಜನರನ್ನೇ ಮೊದಲು ಕೇಳಲಾಯಿತು. ಬಾಗಿಲು ಎಲ್ಲರಿಗೂ ತೆರೆದಿತ್ತು. ಸುಮಾರು 20 ವಾರಗಳ ಕಾಲ 1,700 ಮಂದಿ ಪಾಲ್ಗೊಂಡು 40 ಗುರಿಗಳನ್ನು ಪಟ್ಟಿ ಮಾಡಿದರು.

ಪಟ್ಟಿ ಕಡತ ಸೇರಲಿಲ್ಲ. ಟೆನೆಸ್ಸಿ ನದಿಯ ದಡಕ್ಕೆ ಮತ್ತೆ ಜೀವ ಬಂತು. 1992ರಲ್ಲಿ ಅಲ್ಲಿ ಬೃಹತ್ ಮತ್ಸ್ಯಾಲಯ ತೆರೆಯಿತು. ವಾಹನಗಳಿಗೆ ಮುಚ್ಚಿದ್ದ ಶತಮಾನದಷ್ಟು ಹಳೆಯ ಸೇತುವೆ 1993ರಲ್ಲಿ ಪಾದಚಾರಿಗಳ ಸೇತುವೆಯಾಯಿತು. ಪೇಟೆಯಲ್ಲಿ ಹೊಗೆಯುಗುಳದ ವಿದ್ಯುತ್ ಬಸ್ಸುಗಳು ಓಡಾಡತೊಡಗಿದವು. ಅವನ್ನು ತಯಾರಿಸುವ ಕಂಪೆನಿಯೂ ಅದೇ ಊರಿನಲ್ಲಿ ಹುಟ್ಟಿದ್ದರಿಂದ ಶುದ್ಧ ಗಾಳಿ, ಉದ್ಯೋಗ ಎರಡೂ ಒಟ್ಟಿಗೇ ದೊರೆತವು. 1993ರಲ್ಲಿ ಜನ ಮತ್ತೆ ಸೇರಿ ಹೊಸ ಗುರಿಗಳನ್ನು ಹಾಕಿಕೊಂಡರು.

ಚಿಂತನಾ ಶಿಬಿರ ಏರ್ಪಡಿಸುವ ಯಾವುದೇ ನಗರದ ಸಮಿತಿಗೆ ಇಲ್ಲಿ ಪಾಠವಿದೆ. ಊಟ, ವಸತಿ, ಭಾಷಣಗಳ ವ್ಯವಸ್ಥೆ ಸುಲಭ. ಯಾರನ್ನು ಕರೆಯಬೇಕು, ಯಾವ ಪ್ರಶ್ನೆ ಮುಂದಿಡಬೇಕು, ಶಿಬಿರ ಮುಗಿದ ಮೇಲೆ ಯಾವ ಕೆಲಸ ಯಾರದು, ಲೆಕ್ಕ ಒಪ್ಪಿಸಲು ಮತ್ತೆ ಸೇರುವುದು ಎಂದು? ಇವು ಮೊದಲೇ ತೀರ್ಮಾನವಾಗದಿದ್ದರೆ ಶಿಬಿರವು ವಿಹಾರವಾಗಿಬಿಡುತ್ತದೆ.

ನಮ್ಮಲ್ಲೂ 1992ರ ಸಂವಿಧಾನದ 74ನೇ ತಿದ್ದುಪಡಿಯು 3 ಲಕ್ಷ ಮತ್ತು ಅದಕ್ಕೂ ಹೆಚ್ಚು ಜನಸಂಖ್ಯೆಯ ನಗರಗಳಿಗೆ ವಾರ್ಡ್ ಸಮಿತಿಗಳನ್ನು ವಿಧಿಸಿದೆ. ನಗರಾಡಳಿತಕ್ಕೆ ವಹಿಸಬಹುದಾದ ಕೆಲಸಗಳ ಪಟ್ಟಿಯಲ್ಲಿ ಆರ್ಥಿಕ ಅಭಿವೃದ್ಧಿಯ ಯೋಜನೆಯೂ ಸೇರಿದೆ. ಅಂಥ ಸಭೆ ಊರಲ್ಲಿ ನಡೆದಾಗ ತಂದೆತಾಯಿಯರು ಹೋಗಬೇಕು, ಸಾಧ್ಯವಾದರೆ ಮಕ್ಕಳನ್ನೂ ಕರೆದೊಯ್ಯಬೇಕು. ನಾಳಿನ ಊರಲ್ಲಿ ಬಾಳಿ ಬದುಕಬೇಕಾದವರು ಅವರೇ ಅಲ್ಲವೆ? ಹತ್ತು ಮಂದಿಯ ಕೈಕಡ್ಡಿ ಒಬ್ಬನ ತಲೆಹೊರೆ ಎಂಬುದನ್ನು ಅವರು ಅಲ್ಲಿಯೇ ಕಲಿಯಲಿ.